‘ಹತ್ತಿ’ ಶಬ್ದದ ಮೂಲವೂ ರೂಪಸಿದ್ಧಿಯೂ
(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಆಡುಮಾತಿನ ಬೆಳಕಿನಲ್ಲಿ)

೧. ವಿಷಯ

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ ಭೀಮಾ ನದಿಯೂ ದಕ್ಷಿಣದ ಅಂಚಿನಲ್ಲಿ ಕೃಷ್ಣಾ ನದಿಯೂ ಹರಿಯುತ್ತವೆ. ಈ ಎರಡು ಹೊಳೆಗಳ ನಡುವಣ ಎರೆಭೂಮಿಯಲ್ಲಿ ಜೋಳದೊಡನೆ ಬಹುಕಾಲದಿಂದ ಬೆಳೆದುಬಂದ ನಾರಿನ ಬೆಳೆ ಹತ್ತಿ. ಇಲ್ಲಿಯ ಮತ್ತು ನೆರೆಯ ಜಿಲ್ಲೆಗಳ ಹತ್ತಿಯು ಹಿಂದೆ ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿದ್ದುದರಿಂದ ವ್ಯಾಪಾರದಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ನಿಂತಿತ್ತು. ಆಮೇಲೆ ಜಯಧರ ಮೊದಲಾದ ಸುಧಾರಿಸಿದ ದೇಶೀ ತಳಿಗಳೂ, ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮಿ (೧೯೭೨), ಡಿ.ಸಿ.ಎಚ್.-೩೨ (೧೯೮೧) ಎಂಬ ಮಿಶ್ರತಳಿಗಳೂ, ೨೦೦೨ರ ತರುವಾಯ ಬಿ.ಟಿ. ಹತ್ತಿಯೂ ಬಂದವು. ಗಿಡದ ಜಾತಿ ಬದಲಾಯಿತು, ಬಿತ್ತುವ ಕಾಲ ಬದಲಾಯಿತು. ಆದರೆ ಹೆಸರು ಮಾತ್ರ ಬದಲಾಗಲಿಲ್ಲ. ಹಳೆಯದು ‘ಜವಾರಿ ಹತ್ತಿ’ಯೆನಿಸಿತು, ಹೊಸದೂ ಹತ್ತಿಯೇ ಆಯಿತು.

ಇಷ್ಟು ಪರಿಚಿತವಾದ ಈ ಶಬ್ದವು ಎಲ್ಲಿಂದ ಬಂದಿತು, ಅದಕ್ಕೆ ವಿಭಕ್ತಿಗಳು ಹೇಗೆ ಹತ್ತುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇವೆ. ವಿಷಯವು ಚಿಕ್ಕದಾಗಿ ತೋರಬಹುದು. ಆದರೆ ಶಬ್ದದ ಮೂಲವನ್ನು ಕಿವಿಗೆ ಕೇಳುವ ಹೋಲಿಕೆಯಿಂದ ನಿರ್ಣಯಿಸಬೇಕೆ, ಧ್ವನಿನಿಯಮದಿಂದ ನಿರ್ಣಯಿಸಬೇಕೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ತರಗತಿಯಲ್ಲಿ ‘ಅಶುದ್ಧ’ವೆಂದು ತಿದ್ದಲ್ಪಡುವ ಈ ಭಾಗದ ಆಡುಮಾತು ಭಾಷಾಚರಿತ್ರೆಗೆ ಸಾಕ್ಷಿಯಾಗಬಲ್ಲುದೆ, ಇಲ್ಲವೆ?

೨. ಎರಡು ಸುಲಭವಾದ ಊಹೆಗಳು

ಈ ನಾಲ್ಕು ತಾಲೂಕುಗಳಲ್ಲಿ ಸುಗ್ಗಿಯ ದಿನಗಳಲ್ಲಿ ಕೇಳಿಬರುವಂಥ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: ‘ಹೊಲದಾಗ ಹತ್ತಿ ಬಿಡಸಾಕ ಹತ್ತ್ಯಾರ.’ ಇದರಲ್ಲಿ ಮೊದಲನೆಯ ‘ಹತ್ತಿ’ ಬೆಳೆಯ ಹೆಸರು. ಕೊನೆಯ ‘ಹತ್ತ್ಯಾರ’ ಎಂಬುದು ‘ಹತ್ತು’ ಧಾತುವಿನ ರೂಪ. ಗ್ರಂಥಭಾಷೆಯಲ್ಲಿ ‘ಬಿಡಿಸುತ್ತಿದ್ದಾರೆ’ ಎನ್ನುವಲ್ಲಿ ಇಲ್ಲಿಯ ಮಾತು ‘ಹತ್ತು’ ಎಂಬುದನ್ನು ಸಹಾಯಕ ಕ್ರಿಯಾಪದವಾಗಿ ಬಳಸುತ್ತದೆ. ಅದೇ ಧಾತುವಿನಿಂದ ‘ಒಲಿ ಹತ್ತಿತು’, ‘ಕಾಲಿಗೆ ಕೆಸರು ಹತ್ತಿತು’ ಎಂಬ ಪ್ರಯೋಗಗಳೂ ಬರುತ್ತವೆ. ಹತ್ತಿಯ ಎಳೆಯು ಅರಿವೆಗೂ ಕೈಗೂ ಹತ್ತಿಕೊಳ್ಳುವ ವಸ್ತುವಾದುದರಿಂದ, ಹತ್ತುವುದೇ ಹತ್ತಿ ಎಂಬ ವಿವರಣೆ ಯಾರಿಗಾದರೂ ಹೊಳೆಯುವಂತಹುದು.

ಎರಡನೆಯ ಊಹೆ ಸಂಸ್ಕೃತದ ಕಡೆಗೆ ನೋಡುತ್ತದೆ. ಸಂಸ್ಕೃತದಲ್ಲಿ ಹತ್ತಿಗೆ ‘ಕರ್ಪಾಸ’ವೆಂದು ಹೆಸರು. ಪ್ರಾಕೃತದಲ್ಲಿ ಅದು ‘ಕಪ್ಪಾಸ’. ಮರಾಠಿಯ ‘ಕಾಪೂಸ’, ಹಿಂದಿಯ ‘ಕಪಾಸ್’, ಬಂಗಾಳಿಯ ‘ಕಾಪಾಸ’, ಅಸ್ಸಾಮಿಯ ‘ಕಪಾಹ’ ಇವೆಲ್ಲ ಅದರಿಂದಲೇ ಬಂದವು. ಗ್ರೀಕರ ‘ಕಾರ್ಪಸೊಸ್’, ಲ್ಯಾಟಿನ್ನಿನ ‘ಕಾರ್ಬಸುಸ್’ ಎಂಬ ಶಬ್ದಗಳೂ ವ್ಯಾಪಾರದ ಹಾದಿಯಲ್ಲಿ ಹೋದ ಇದೇ ಶಬ್ದದ ರೂಪಗಳು. ಇಷ್ಟು ದೂರ ಹಬ್ಬಿದ ಶಬ್ದವೇ ಕನ್ನಡದಲ್ಲಿಯೂ ‘ಹತ್ತಿ’ಯಾಗಿ ಬಂದಿರಬಾರದೇಕೆ ಎಂದು ಕೇಳಬಹುದು.

ಈ ಎರಡು ಊಹೆಗಳೂ ನಿಲ್ಲತಕ್ಕವಲ್ಲ. ಕಾರಣಗಳನ್ನು ಕ್ರಮವಾಗಿ ಹೇಳುತ್ತೇವೆ.

೩. ಸೋದರಭಾಷೆಗಳ ಸಾಕ್ಷ್ಯ

ಹತ್ತಿಗೆ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ‘ಪರುತ್ತಿ’, ತುಳುವಿನಲ್ಲಿ ‘ಪರ್ತಿ’, ತೆಲುಗಿನಲ್ಲಿ ‘ಪ್ರತ್ತಿ’ ಅಥವಾ ‘ಪತ್ತಿ’ ಎಂಬ ಹೆಸರುಗಳಿವೆ. ಕನ್ನಡದ ನಿಘಂಟುಗಳಲ್ಲಿ ‘ಪರ್ತಿ’, ‘ಪತ್ತಿ’, ‘ಹತ್ತಿ’ ಎಂಬ ಮೂರು ರೂಪಗಳು ಕಾಣುತ್ತವೆ. ಇವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮೂಲದಲ್ಲಿ ಈ ಶಬ್ದದ ಮೊದಲಲ್ಲಿ ಪಕಾರವೂ ನಡುವೆ ರಕಾರವೂ ಇದ್ದವು. ತಮಿಳು, ಮಲೆಯಾಳ, ತುಳುಗಳು ರಕಾರವನ್ನು ಅದರ ಸ್ಥಳದಲ್ಲಿಯೇ ಉಳಿಸಿಕೊಂಡಿವೆ. ತೆಲುಗು ಅದನ್ನು ಮುಂದಕ್ಕೆ ಸರಿಸಿ ಪಕಾರಕ್ಕೆ ಕೂಡಿಸಿದೆ. ಕನ್ನಡವು ಮುಂದಿನ ತಕಾರದಲ್ಲಿ ಅದನ್ನು ಅಡಗಿಸಿದೆ.

ಈ ಅಡಗುವಿಕೆ ಕನ್ನಡದಲ್ಲಿ ಅಪರೂಪವಾದುದಲ್ಲ. ಹಳಗನ್ನಡದ ‘ಇರ್ದು’ ಹೊಸಗನ್ನಡದಲ್ಲಿ ‘ಇದ್ದು’ ಆಯಿತು. ತಮಿಳಿನ ‘ಮರುಂದು’ ಎಂಬುದಕ್ಕೆ ಸಮನಾದ ಹಳಗನ್ನಡದ ‘ಮರ್ದು’ ಇಂದು ‘ಮದ್ದು’. ‘ಮರುಂದು, ಮರ್ದು, ಮದ್ದು’ ಎಂಬ ಸಾಲಿಗೂ ‘ಪರುತ್ತಿ, ಪರ್ತಿ, ಪತ್ತಿ’ ಎಂಬ ಸಾಲಿಗೂ ಇರುವ ಸಾಮ್ಯವನ್ನು ಗಮನಿಸಬೇಕು: ಮೊದಲು ನಡುವಣ ಉಕಾರವು ಲೋಪವಾಗುತ್ತದೆ, ಅನಂತರ ರಕಾರವು ಮುಂದಿನ ವ್ಯಂಜನಕ್ಕೆ ಸಮರೂಪವನ್ನು ತಾಳುತ್ತದೆ.

ವಿಜಯಪುರದ ಆಡುಮಾತಿನಲ್ಲಿ ಈ ಪ್ರವೃತ್ತಿ ಇನ್ನೂ ಮುಂದೆ ಹೋಗಿದೆ. ಗ್ರಂಥಭಾಷೆಯ ‘ಮರುಳ’ ಇಲ್ಲಿ ‘ಮಳ್ಳ’. ‘ಕರುಳು’ ಇಲ್ಲಿ ‘ಕಳ್ಳು’. ಹುರಿದರಳಿಸಿದ ಜೋಳದ ‘ಅರಳು’ ಇಲ್ಲಿ ‘ಅಳ್ಳು’. ನಾಗರಪಂಚಮಿಗೆ ಮಾಡುವ ‘ಅಳ್ಳಿಟ್ಟು’ ಎಂಬ ಹೆಸರಿನಲ್ಲಿರುವುದೂ ಇದೇ ‘ಅಳ್ಳು’. ಮೊದಲು ಸ್ವರಲೋಪ, ಅನಂತರ ರಕಾರದ ಸಮರೂಪತೆ ಎಂಬ ಎರಡು ಹೆಜ್ಜೆಗಳೇ ಇಲ್ಲಿಯೂ ಕಾಣುತ್ತವೆ. ‘ಹತ್ತಿ’ಯಲ್ಲಿ ನೂರಾರು ವರ್ಷಗಳ ಹಿಂದೆ ನಡೆದು ಮುಗಿದ ವ್ಯಾಪಾರವು ಗ್ರಂಥಭಾಷೆ ಮುಟ್ಟದ ಇತರ ಶಬ್ದಗಳಲ್ಲಿ ಈ ಆಡುಮಾತಿನಲ್ಲಿ ಕಣ್ಣೆದುರಿಗೇ ಇದೆ. ‘ಮಳ್ಳ’ ಎಂಬುದು ಅಪಭ್ರಷ್ಟವೆಂದು ತಳ್ಳುವವರು ‘ಮದ್ದು’, ‘ಹತ್ತಿ’ಗಳನ್ನೂ ಹಾಗೆಯೇ ತಳ್ಳಬೇಕಾಗುತ್ತದೆ.

೪. ‘ಹತ್ತು’ ಧಾತುವು ಬೇರೆ

ಈಗ ಮೊದಲನೆಯ ಊಹೆಯನ್ನು ಪರೀಕ್ಷಿಸೋಣ. ‘ಹತ್ತು’ ಧಾತುವಿನ ಹಳೆಯ ರೂಪ ‘ಪತ್ತು’. ಇದಕ್ಕೆ ಸಮನಾದ ತಮಿಳಿನ ಧಾತು ‘ಪಱ್ಱು’. ಹಿಡಿ, ಅಂಟು ಎಂದು ಅದರ ಅರ್ಥ. ತಮಿಳಿನ ಇಮ್ಮಡಿ ಶಕಟರೇಫವು ಕನ್ನಡದಲ್ಲಿ ‘ತ್ತ’ ಆಗುವುದು ನಿಯಮ. ತಮಿಳಿನ ‘ಸುಱ್ಱು’ ಕನ್ನಡದಲ್ಲಿ ‘ಸುತ್ತು’. ತಮಿಳಿನ ‘ಪುಱ್ಱು’ ಕನ್ನಡದಲ್ಲಿ ‘ಪುತ್ತು’, ಇಂದಿನ ‘ಹುತ್ತ’. ಇದೇ ಶಬ್ದಗಳು ತೆಲುಗಿನಲ್ಲಿ ಟಕಾರದ ದ್ವಿತ್ವವನ್ನು ತಾಳುತ್ತವೆ: ‘ಚುಟ್ಟು’, ‘ಪುಟ್ಟ’, ಅದರಂತೆಯೇ ‘ಪಟ್ಟು’.

ಆದುದರಿಂದ ಎರಡು ಶಬ್ದಗಳನ್ನು ಎದುರುಬದುರಾಗಿ ಇಡಬಹುದು.

ಧಾತು: ತಮಿಳು ‘ಪಱ್ಱು’, ತೆಲುಗು ‘ಪಟ್ಟು’, ಕನ್ನಡ ‘ಪತ್ತು, ಹತ್ತು’.
ಬೆಳೆ: ತಮಿಳು ‘ಪರುತ್ತಿ’, ತೆಲುಗು ‘ಪ್ರತ್ತಿ’, ಕನ್ನಡ ‘ಪರ್ತಿ, ಪತ್ತಿ, ಹತ್ತಿ’.

ತಮಿಳಿನಲ್ಲಿ ಈ ಎರಡಕ್ಕೂ ಗೊಂದಲವಿಲ್ಲ, ತೆಲುಗಿನಲ್ಲಿಯೂ ಇಲ್ಲ. ಕನ್ನಡದಲ್ಲಿ ಮಾತ್ರ ಎರಡು ಬೇರೆಬೇರೆ ಮೂಲಗಳು, ಒಂದು ಶಕಟರೇಫದ ದ್ವಿತ್ವದಿಂದ, ಇನ್ನೊಂದು ರೇಫ-ತಕಾರಗಳ ಸಂಯೋಗದಿಂದ, ‘ತ್ತ’ ಎಂಬ ಒಂದೇ ಧ್ವನಿಗೆ ಬಂದು ಮುಟ್ಟಿವೆ. ಸಂಖ್ಯಾವಾಚಕವಾದ ‘ಹತ್ತು’ ಮೂರನೆಯದು. ತಮಿಳಿನಲ್ಲಿ ಅದು ‘ಪತ್ತು’, ತೆಲುಗಿನಲ್ಲಿ ‘ಪದಿ’. ಮೂರು ದಿಕ್ಕಿನಿಂದ ಬಂದ ಮೂರು ಶಬ್ದಗಳು ಒಂದೆಡೆ ಸೇರಿವೆಯೆಂಬುದನ್ನು ಕನ್ನಡವೊಂದನ್ನೇ ನೋಡುವವನು ಕಂಡುಹಿಡಿಯಲಾರನು. ಸೋದರಭಾಷೆಗಳನ್ನು ನೋಡಿದವನಿಗೆ ಅದು ಒಂದು ನೋಟಕ್ಕೇ ತಿಳಿಯುತ್ತದೆ.

ಎರಡನೆಯ ಊಹೆಗೂ ಇದೇ ಉತ್ತರ. ‘ಕರ್ಪಾಸ’ದ ಮೊದಲ ಅಕ್ಷರವಾದ ಕಕಾರವು ಕನ್ನಡದಲ್ಲಿಯಾಗಲಿ ಅದರ ಸೋದರಭಾಷೆಗಳಲ್ಲಿಯಾಗಲಿ ಲೋಪವಾಗುವ ನಿಯಮವಿಲ್ಲ, ಸಕಾರವು ‘ತ್ತ’ ಆಗುವ ನಿಯಮವೂ ಇಲ್ಲ. ‘ಕರ್ಪಾಸ’ವೇ ಸಂಸ್ಕೃತಕ್ಕೆ ಬೇರೆಡೆಯಿಂದ ಬಂದುದೆಂದೂ ಅದು ಮುಂಡಾ ಮೊದಲಾದ ಆಸ್ಟ್ರೋ-ಏಷ್ಯಾಟಿಕ್ ಭಾಷೆಗಳ ವರ್ಗಕ್ಕೆ ಸೇರಿದುದೆಂದೂ ಫ್ರೆಂಚ್ ವಿದ್ವಾಂಸ ಪ್ರಿಝಿಲುಸ್ಕಿಯವರು ವಾದಿಸಿದ್ದರು. ಅದು ಹೇಗೇ ಇರಲಿ, ಭಾರತದಲ್ಲಿ ಈ ಬೆಳೆಗೆ ಎರಡು ಹೆಸರುಗಳ ವಂಶಗಳಿವೆ: ಉತ್ತರದಲ್ಲಿ ‘ಕರ್ಪಾಸ’ ವಂಶ, ದಕ್ಷಿಣದಲ್ಲಿ ‘ಪರುತ್ತಿ’ ವಂಶ. ಇವೆರಡರ ಗಡಿ ನಮ್ಮ ಇಂಡಿ ತಾಲೂಕಿನ ಬಳಿಯೇ ಹಾದುಹೋಗುತ್ತದೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮರಾಠಿಯಲ್ಲಿ ‘ಕಾಪೂಸ’, ಇತ್ತಣ ಕನ್ನಡದಲ್ಲಿ ‘ಹತ್ತಿ’. ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇದ್ದು, ಮರಾಠಿಯ ನೂರಾರು ಶಬ್ದಗಳನ್ನು ಸ್ವೀಕರಿಸಿದ ಈ ಪ್ರದೇಶವು ಬೆಳೆಯ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲವೆಂಬುದು ಗಮನಾರ್ಹ.

೫. ಪಕಾರವು ಹಕಾರವಾದುದು

ಹಳಗನ್ನಡದ ಮೊದಲಕ್ಷರದ ಪಕಾರವು ಹಕಾರವಾಗುವುದು ಕನ್ನಡದ ಚರಿತ್ರೆಯಲ್ಲಿಯೇ ಅತ್ಯಂತ ಪ್ರಸಿದ್ಧವಾದ ಬದಲಾವಣೆ: ‘ಪಾಲ್’ ಹಾಲು, ‘ಪೂ’ ಹೂವು, ‘ಪೊಲ’ ಹೊಲ. ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಅಲ್ಲಲ್ಲಿ ಕಾಣತೊಡಗಿದ ಈ ಹಕಾರವು ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ನೆಲೆಗೊಂಡಿತು. ಹತ್ತಿಯ ಕೆಲಸಕ್ಕೆ ಸಂಬಂಧಿಸಿದ ಶಬ್ದಗಳ ಗುಂಪಿನಲ್ಲಿ ಇದರ ಕಾಲಕ್ರಮವನ್ನು ಬಹು ಚೆನ್ನಾಗಿ ಕಾಣಬಹುದು.

ನೂಲುವುದಕ್ಕೆಂದು ಹತ್ತಿಯನ್ನು ಸುತ್ತಿ ಮಾಡಿದ ಬತ್ತಿಗೆ ‘ಹಂಜಿ’ಯೆಂದು ಹೆಸರು. ಇದರ ಹಳೆಯ ರೂಪ ‘ಪಂಜಿ’; ತಮಿಳಿನ ‘ಪಂಜಿ’ಗೆ ಹತ್ತಿಯೆಂದೇ ಅರ್ಥ. ಹತ್ತಿಯನ್ನು ಎಳೆಎಳೆಯಾಗಿ ಬಿಡಿಸುವುದು ‘ಹಿಂಜು’ವುದು, ಇದರ ಹಳೆಯ ರೂಪ ‘ಪಿಂಜು’. ಹೀಗೆ ಹತ್ತಿ, ಹಂಜಿ, ಹಿಂಜು ಮೂರೂ ಹಕಾರವನ್ನು ತಾಳಿವೆ. ಆದರೆ ಹಿಂಜುವ ಕಸುಬಿನವರನ್ನು ಈ ಭಾಗದಲ್ಲಿ ‘ಹಿಂಜಾರ’ರೆನ್ನುವುದಿಲ್ಲ, ‘ಪಿಂಜಾರ’ರೆನ್ನುತ್ತಾರೆ. ಒಂದೇ ಕೆಲಸದಲ್ಲಿ ಕ್ರಿಯೆಗೆ ಹಕಾರ, ಕರ್ತೃವಿಗೆ ಪಕಾರ! ಇದಕ್ಕೆ ಸಮಾಧಾನ ಸುಲಭ. ‘ಹಿಂಜು’ ಎಂಬುದು ಬದಲಾವಣೆಯ ಕಾಲಕ್ಕಿಂತ ಮೊದಲೇ ಕನ್ನಡದಲ್ಲಿದ್ದ ಶಬ್ದ. ‘ಪಿಂಜಾರ’ ಎಂಬುದು ಮರಾಠಿ, ಹಿಂದುಸ್ತಾನಿಗಳ ಮೂಲಕ ಆ ಬದಲಾವಣೆ ಮುಗಿದ ತರುವಾಯ ಬಂದ ಶಬ್ದ. ಮಳೆ ನಿಂತ ಮೇಲೆ ಬಂದವನ ಅರಿವೆ ನೆನೆಯಲಾರದು.

ಆದರೆ ಹಕಾರದ ನಿಯಮವು ಎಲ್ಲ ಶಬ್ದಗಳನ್ನೂ ತಾಗಿತೆಂದು ತಿಳಿಯಬಾರದು. ‘ಪಡು’, ‘ಪಡೆ’ ಎಂಬ ಅಚ್ಚಗನ್ನಡ ಧಾತುಗಳು ಇಂದಿಗೂ ಪಕಾರದಲ್ಲಿಯೇ ಇವೆ. ಹತ್ತಿಯ ನೆರೆಯಲ್ಲಿಯೇ ಬೆಳೆಯುವ ಇನ್ನೊಂದು ನಾರಿನ ಗಿಡವಾದ ‘ಪುಂಡಿ’ಯೂ ಹಾಗೆಯೇ. ಅದರ ಎಲೆ ರೊಟ್ಟಿಯ ಜೊತೆಗೆ ಪಲ್ಯಕ್ಕೆ, ಅದರ ಸಿಪ್ಪೆ ನೀರಿನಲ್ಲಿ ಕೊಳೆಸಿ ತೆಗೆದ ನಾರಾಗಿ ಹಗ್ಗಕ್ಕೆ. ತೆಲಂಗಾಣದ ತೆಲುಗಿನಲ್ಲಿ ಇದಕ್ಕೆ ‘ಪುಂಟಿ ಕೂರ’ ಎಂದು ಹೆಸರು, ಮರಾಠಿಯಲ್ಲಿ ‘ಅಂಬಾಡಿ’.

೬. ವಿಭಕ್ತಿರೂಪಗಳು

‘ಹತ್ತಿ’ ಇಕಾರಾಂತ ನಪುಂಸಕ ನಾಮ. ಹಳಗನ್ನಡದಲ್ಲಿ ಇದರ ರೂಪಗಳು: ಪತ್ತಿ, ಪತ್ತಿಯಂ, ಪತ್ತಿಯಿಂ, ಪತ್ತಿಗೆ, ಪತ್ತಿಯತ್ತಣಿಂ, ಪತ್ತಿಯ, ಪತ್ತಿಯೊಳ್. ಹೊಸಗನ್ನಡದ ಗ್ರಂಥಭಾಷೆಯಲ್ಲಿ: ಹತ್ತಿ, ಹತ್ತಿಯನ್ನು, ಹತ್ತಿಯಿಂದ, ಹತ್ತಿಗೆ, ಹತ್ತಿಯ ದೆಸೆಯಿಂದ, ಹತ್ತಿಯ, ಹತ್ತಿಯಲ್ಲಿ. ಸ್ವರಾದಿಯಾದ ಪ್ರತ್ಯಯ ಬಂದಾಗ ಯಕಾರವು ಆಗಮವಾಗುತ್ತದೆ. ವ್ಯಂಜನಾದಿಯಾದ ‘ಗೆ’ ನೇರವಾಗಿ ಹತ್ತುತ್ತದೆ.

ವಿಜಯಪುರ ಭಾಗದ ಆಡುಮಾತಿನಲ್ಲಿ ಇದೇ ಶಬ್ದವು ಹೀಗೆ ನಡೆಯುತ್ತದೆ:

ಪ್ರಥಮಾ: ಹತ್ತಿ (‘ಹತ್ತಿ ಛಲೋ ಬಂದೈತಿ’)
ದ್ವಿತೀಯಾ: ಹತ್ತಿ, ಹತ್ತೀನ (‘ಹತ್ತಿ ಮಾರಿದ’, ‘ಆ ಹತ್ತೀನ ಒಣಗಸು’)
ತೃತೀಯಾ: ಹತ್ತೀಲೆ (‘ಹತ್ತೀಲೆ ಬತ್ತಿ ಮಾಡು’)
ಚತುರ್ಥೀ: ಹತ್ತಿಗಿ (‘ಹತ್ತಿಗಿ ರೇಟ್ ಇಲ್ಲ’)
ಷಷ್ಠೀ: ಹತ್ತಿ (‘ಹತ್ತಿ ಹೊಲ’)
ಸಪ್ತಮೀ: ಹತ್ತ್ಯಾಗ (‘ಹತ್ತ್ಯಾಗ ಕಸ ಬಾಳ ಐತಿ’)

ಇಲ್ಲಿ ಮೂರು ಸಂಗತಿಗಳು ವಿಚಾರಾರ್ಹ. ಮೊದಲನೆಯದು, ಸಪ್ತಮಿಯ ‘ಆಗ’. ಇದು ಗ್ರಂಥಭಾಷೆಯ ‘ಅಲ್ಲಿ’ಯ ಕೆಟ್ಟ ಉಚ್ಚಾರವಲ್ಲ. ಹಳಗನ್ನಡದ ‘ಒಳ್’, ನಡುಗನ್ನಡದ ‘ಒಳಗೆ’ ಎಂಬುದರ ವಂಶದ್ದು. ಸಪ್ತಮಿಯ ಮಟ್ಟಿಗೆ ‘ಪತ್ತಿಯೊಳ್’ ಎಂಬುದಕ್ಕೆ ‘ಹತ್ತಿಯಲ್ಲಿ’ಗಿಂತ ‘ಹತ್ತ್ಯಾಗ’ವೇ ಹತ್ತಿರದ ಬಂಧು.

ಎರಡನೆಯದು, ದ್ವಿತೀಯಾ ಪ್ರತ್ಯಯವಿಲ್ಲದ ‘ಹತ್ತಿ ಮಾರಿದ’ ಎಂಬ ಪ್ರಯೋಗ. ಇದು ಪ್ರತ್ಯಯವನ್ನು ನುಂಗಿದ ಸೋಮಾರಿತನವಲ್ಲ. ಇದರಲ್ಲಿ ಅರ್ಥವ್ಯವಸ್ಥೆಯೇ ಇದೆ. ಹತ್ತಿಯೆಂಬ ಸರಕನ್ನು ಸಾಮಾನ್ಯವಾಗಿ ಹೇಳುವಾಗ ಪ್ರತ್ಯಯ ಬೇಡ. ಗೊತ್ತಾದ ಒಂದು ರಾಶಿಯನ್ನು ತೋರಿಸಿ ಹೇಳುವಾಗ ‘ಹತ್ತೀನ’ ಎಂದು ಬರುತ್ತದೆ. ಬಂಗಾಳಿ ಮತ್ತು ಅಸ್ಸಾಮಿ ಭಾಷೆಗಳಲ್ಲಿಯೂ ಅಚೇತನ ವಸ್ತುಗಳ ಹೆಸರಿಗೆ ಕರ್ಮಣಿ ಪ್ರತ್ಯಯವು ಸಾಮಾನ್ಯವಾಗಿ ಹತ್ತದು. ಬೇರೆ ವಂಶದ ಭಾಷೆಗಳು ಇಂತಹ ವಿಷಯದಲ್ಲಿ ಒಂದೇ ದಾರಿಯನ್ನು ಹಿಡಿದಿರುವುದು ಕುತೂಹಲಕರ.

ಮೂರನೆಯದು, ಪ್ರತ್ಯಯವು ಶಬ್ದದ ಅರ್ಥವನ್ನಲ್ಲ, ಅದರ ಕೊನೆಯ ಧ್ವನಿಯನ್ನು ನೋಡಿ ಹತ್ತುವುದು. ಹತ್ತಿ, ಪುಂಡಿಗಳು ಇಕಾರಾಂತವಾದುದರಿಂದ ‘ಹತ್ತಿಯ’, ‘ಪುಂಡಿಯ’. ‘ಸೆಣಬು’ ಕೂಡ ನಾರಿನ ಬೆಳೆಯೇ. ಆದರೆ ಉಕಾರಾಂತವಾದುದರಿಂದ ‘ಸೆಣಬಿನ’, ‘ಸೆಣಬಿಗೆ’. ಅದಕ್ಕೆ ಸಂಬಂಧಿಸಿದ ಸಂಸ್ಕೃತದ ‘ಶಣ’ವು ಅಕಾರಾಂತವಾಗಿ ಕನ್ನಡಕ್ಕೆ ಬಂದಾಗ ‘ಶಣದ’, ‘ಶಣಕ್ಕೆ’. ಗಿಡ ಒಂದೇ, ವಿಭಕ್ತಿಯ ನಡೆ ಎರಡು. ಬಂಗಾಳಿಯಲ್ಲಿಯೂ ಹೀಗೆಯೇ: ವ್ಯಂಜನಾಂತವಾದ ‘ಕಾಪಾಸ್’ ಎಂಬುದಕ್ಕೆ ಷಷ್ಠಿಯಲ್ಲಿ ‘ಕಾಪಾಸೇರ್’, ಹತ್ತಿಗೇ ಇರುವ ಇನ್ನೊಂದು ಹೆಸರು, ಸ್ವರಾಂತವಾದ ‘ತುಲೋ’ ಎಂಬುದಕ್ಕೆ ‘ತುಲೋರ್’. ಅಸ್ಸಾಮಿಯ ‘ಕಪಾಹ’ಕ್ಕೆ ‘ಕಪಾಹರ್’. ಅಸ್ಸಾಮಿಯ ಈ ಹಕಾರವೂ ನಮ್ಮದರಂತೆ ನಿಯಮಬದ್ಧವಾದುದೇ. ‘ಮಾಸ’ವು ಅಲ್ಲಿ ‘ಮಾಹ’ ಆದಂತೆ ‘ಕಪ್ಪಾಸ’ವು ‘ಕಪಾಹ’ವಾಯಿತು. ಅಲ್ಲಿ ಸಕಾರದಿಂದ, ಇಲ್ಲಿ ಪಕಾರದಿಂದ. ಹತ್ತಿಯ ಹೆಸರಿನಲ್ಲಿ ಹಕಾರವು ಎರಡು ನಾಡುಗಳಲ್ಲಿ ಎರಡು ಬಗೆಯಾಗಿ ಹುಟ್ಟಿತು.

ವಚನದ ವಿಷಯವಾಗಿ ಒಂದು ಮಾತು. ‘ಹತ್ತಿ’ ರಾಶಿವಾಚಕವಾದುದರಿಂದ ‘ಎರಡು ಹತ್ತಿ’ಯೆಂದು ಎಣಿಸುವ ರೂಢಿಯಿಲ್ಲ, ‘ಎರಡು ಅಂಡಿಗೆ ಹತ್ತಿ’, ‘ಹತ್ತು ಕ್ವಿಂಟಲ್ ಹತ್ತಿ’ ಎಂದು ಅಳತೆಯ ಹೆಸರು ನಡುವೆ ಬರಬೇಕು. ಅರಳೆಯ ಸಗಟು ವ್ಯಾಪಾರದಲ್ಲಿ ಇಂದಿಗೂ ನಿಂತಿರುವ ‘ಖಂಡಿ’ಯ ತೂಕ ಸುಮಾರು ೩೫೬ ಕಿಲೋಗ್ರಾಂ.

೭. ಅರಳೆ ಮತ್ತು ಅರಳಿ

ಬೀಜವನ್ನು ಬೇರ್ಪಡಿಸಿದ ಹತ್ತಿಗೆ ಕನ್ನಡದಲ್ಲಿ ‘ಅರಳೆ’ಯೆಂಬ ಬೇರೆ ಹೆಸರೇ ಇದೆ, ಬೇರ್ಪಟ್ಟ ಬೀಜವು ‘ಹತ್ತಿಕಾಳು’. ‘ಅರಳು’ ಧಾತುವಿನೊಡನೆ ‘ಅರಳೆ’ಗೆ ಇರುವ ಸಂಬಂಧ ಸಹಜವಾಗಿ ತೋರುತ್ತದೆ. ಕಾಯಿ ಒಡೆದು ಅರಳಿದ ವಸ್ತುವಿಗೆ ಈ ಹೆಸರು ಒಪ್ಪುತ್ತದೆ.

ಉತ್ತರ ಕರ್ನಾಟಕದ ಮಾತಿನಲ್ಲಿ ಶಬ್ದಾಂತ್ಯದ ಎಕಾರವು ಇಕಾರವಾಗುವುದು ಎಲ್ಲರೂ ಬಲ್ಲ ವಿಷಯ: ಮನೆ ‘ಮನಿ’, ತಲೆ ‘ತಲಿ’, ಮಳೆ ‘ಮಳಿ’. ಅದೇ ನಿಯಮದಿಂದ ‘ಅರಳೆ’ ಇಲ್ಲಿ ‘ಅರಳಿ’ಯಾಗಿ, ಅಶ್ವತ್ಥವೃಕ್ಷದ ಹೆಸರಾದ ‘ಅರಳಿ’ಯೊಡನೆ ಒಂದಾಗುತ್ತದೆ. ವಿಭಕ್ತಿಯೂ ಇವೆರಡನ್ನು ಬೇರ್ಪಡಿಸಲಾರದು. ‘ಮನ್ಯಾಗ’ ಎಂಬಲ್ಲಿ ಮೂಲ ಎಕಾರಾಂತವೂ ‘ಹತ್ತ್ಯಾಗ’ ಎಂಬಲ್ಲಿ ಮೂಲ ಇಕಾರಾಂತವೂ ಒಂದೇ ಬಗೆಯಾಗಿ ನಡೆಯುತ್ತವೆ. ಸಂದರ್ಭವೇ ಅರ್ಥವನ್ನು ತಿಳಿಸಬೇಕು. ಇದೇ ಕಾರಣದಿಂದ ‘ಹತ್ತಿ’ಯ ಹಕಾರಕ್ಕೆ ಇಲ್ಲಿ ಹೆಚ್ಚಿನ ಹೊಣೆಯಿದೆ. ಅದು ಬಿದ್ದುಹೋದರೆ ಉಳಿಯುವ ‘ಅತ್ತಿ’ ಒಂದು ಮರದ ಹೆಸರು. ‘ಅತ್ತೆ’ ಎಂಬುದರ ಇಲ್ಲಿಯ ಉಚ್ಚಾರವೂ ಅದೇ.

೮. ಸಮಾರೋಪ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ‘ಹತ್ತಿ’ ದ್ರಾವಿಡಮೂಲದ ಶಬ್ದ. ‘ಹತ್ತು’ ಧಾತುವಿನಿಂದಲೂ ‘ಕರ್ಪಾಸ’ದಿಂದಲೂ ಹುಟ್ಟಿದುದಲ್ಲ. ರಕಾರದ ಸಮರೂಪತೆ, ಪಕಾರದ ಹಕಾರತ್ವ ಎಂಬ ಎರಡು ನಿಯಮಗಳು ಅದರ ಇಂದಿನ ರೂಪಕ್ಕೆ ಕಾರಣ. ಇವುಗಳಲ್ಲಿ ಮೊದಲನೆಯ ಪ್ರವೃತ್ತಿ ವಿಜಯಪುರದ ಆಡುಮಾತಿನಲ್ಲಿ ಗ್ರಂಥಭಾಷೆಗಿಂತ ವ್ಯಾಪಕವಾಗಿದೆ. ಸಪ್ತಮಿಯಲ್ಲಿ ಅದೇ ಮಾತು ಹಳೆಯ ಪ್ರತ್ಯಯದ ವಂಶವನ್ನು ಉಳಿಸಿಕೊಂಡಿದೆ.

ಹನ್ನೆರಡನೆಯ ಶತಮಾನದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆಯಂಥ ಶರಣೆ ತನ್ನ ಕೆಲಸದ ಮಾತಿನಲ್ಲಿಯೇ ವಚನವನ್ನು ನುಡಿದಳು. ಆ ಕೆಲಸದ ಶಬ್ದಗಳು ಬಸವಣ್ಣನವರ ಹುಟ್ಟುನಾಡಾದ ಈ ಭಾಗದಲ್ಲಿ ಮೊನ್ನೆಮೊನ್ನೆಯವರೆಗೆ ಮನೆಮಾತಾಗಿದ್ದವು. ಕೈನೂಲು ಹೋದ ಮೇಲೆ ಹಂಜಿ, ಕದಿರುಗಳೂ, ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಪುಂಡಿಯ ನಾರಿನ ಮಾತುಗಳೂ ಹಿರಿಯರ ನೆನಪಿಗೆ ಸೇರುತ್ತಿವೆ. ಎರೆಹೊಲಗಳಲ್ಲಿ ತೊಗರಿ, ಕಬ್ಬು, ನಿಂಬೆಗಳು ಹಬ್ಬಿದಂತೆ ಹತ್ತಿಯ ಶಬ್ದಗಳ ಬಳಕೆಯೂ ಕುಗ್ಗುವುದು ಸಹಜ.

ಈ ನಾಲ್ಕು ತಾಲೂಕುಗಳ ಕಾಲೇಜುಗಳಲ್ಲಿ ಕನ್ನಡವನ್ನು ಬೋಧಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿ೦ದ ಒಂದು ಕೆಲಸವನ್ನು ಮಾಡಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹಿರಿಯರಿಂದ ಹತ್ತಿ, ಪುಂಡಿ, ಸೆಣಬುಗಳಿಗೆ ಸಂಬಂಧಿಸಿದ ಶಬ್ದಗಳನ್ನು ಕೇಳಿ, ಶಬ್ದವನ್ನು ಒಂಟಿಯಾಗಿ ಬರೆದುಕೊಳ್ಳದೆ ಒಂದು ಪೂರ್ಣ ವಾಕ್ಯದಲ್ಲಿ, ಅವರು ಆಡಿದಂತೆಯೇ ಬರೆದುಕೊಳ್ಳಲಿ, ಊರಿನ ಹೆಸರನ್ನೂ ಹೇಳಿದವರ ವಯಸ್ಸನ್ನೂ ಗುರುತಿಸಲಿ, ಯಾವುದನ್ನೂ ತಿದ್ದದಿರಲಿ. ಒಂಟಿ ಶಬ್ದದಿಂದ ಮೂಲವಷ್ಟೇ ತಿಳಿಯುತ್ತದೆ. ವಾಕ್ಯದಿಂದ ವಿಭಕ್ತಿಯೂ ತಿಳಿಯುತ್ತದೆ. ‘ಹತ್ತ್ಯಾಗ’ ಎಂಬ ಒಂದು ಮಾತು ತಿದ್ದಲ್ಪಟ್ಟು ‘ಹತ್ತಿಯಲ್ಲಿ’ ಎಂದು ದಾಖಲೆಯಾದರೆ, ಹಳಗನ್ನಡಕ್ಕೂ ಇಂದಿನ ಹೊಲಕ್ಕೂ ನಡುವಿನ ಒಂದು ಎಳೆ ಕಡಿದಂತಾಗುತ್ತದೆ.